ಫೋನ್ ಬರುವ ಮೊದಲೇ ತೊಟ್ಟ ಅಂಗಿ

ಆ ಮಂಗಳವಾರ ನನ್ನ ಗಂಡ ಫೋನ್ ಬರುವ ಮೊದಲೇ ಅಂಗಿ ತೊಟ್ಟು ಕೂತಿದ್ದರು. ಮನೆಯಲ್ಲಿ ಬನಿಯನ್ನಿನಲ್ಲೇ ಇರುವ ಮನುಷ್ಯ ಅವರು. ಡೊಂಬಿವಲಿಯ ಸೆಕೆಯಲ್ಲಿ ಅಂಗಿ ಎಂದರೆ ಹೊರಗೆ ಹೋಗುವ ಉಡುಪು. ನಾನು ಸಂಜೆಯ ಚಹಾಕ್ಕೆ ನೀರಿಟ್ಟು ಹೊರಗೆ ಬಂದು ನೋಡಿದರೆ, ಗುಂಡಿಯೆಲ್ಲ ಹಾಕಿಕೊಂಡು, ಕನ್ನಡಕ ಒರೆಸುತ್ತ, ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ.

"ಎಲ್ಲಿಗೆ ಹೊರಟಿರಿ?" ಎಂದೆ.

"ಎಲ್ಲಿಗೂ ಇಲ್ಲ. ಸುಮ್ನ."

ನೀರು ಕುದಿಯುವಷ್ಟರಲ್ಲಿ ಫೋನ್ ಬಂತು. ಸಂಘದ ಕಚೇರಿ ನೋಡಿಕೊಳ್ಳುವ ಮರಾಠಿ ಹೆಂಗಸಿನ ದನಿ ನನಗೂ ಕೇಳಿಸಿತು. "ಕಾಕಾ, ಪುನ್ಹಾ ಬಂದ್ ಪಡಲಂ. ಲವಕರ್ ಯಾ." ಮತ್ತೆ ನಿಂತುಹೋಗಿದೆ, ಬೇಗ ಬನ್ನಿ. ಅವರು ಚಪ್ಪಲಿ ಮೆಟ್ಟಿ ಇಳಿದೇಬಿಟ್ಟರು. ಚಹಾ ನನ್ನ ಕೈಯಲ್ಲೇ ಉಳಿಯಿತು.

ಬೀಳುವ ಮೊದಲೇ ಬೀಳುತ್ತದೆಂದು ಗೊತ್ತಿರುವುದು ಇಬ್ಬರಿಗೆ: ಜ್ಯೋತಿಷಿಗೆ, ಇಲ್ಲವೇ ಬೀಳಿಸುವವನಿಗೆ. ನನ್ನ ಗಂಡನಿಗೆ ಜ್ಯೋತಿಷ್ಯ ಬರುವುದಿಲ್ಲ.

ಬೀಳುತ್ತಿದ್ದದ್ದು ನಮ್ಮ ಸಂಘದ ವಧೂ-ವರರ ವೆಬ್‌ಸೈಟು. ಥಾಣೆಯಿಂದ ಕಲ್ಯಾಣದವರೆಗೆ, ಆಚೆ ನವಿ ಮುಂಬಯಿಯಲ್ಲಿ ಹರಡಿಕೊಂಡಿರುವ ಕನ್ನಡದ ಮನೆಗಳು ಮದುವೆಗೆ ಬಂದ ಮಕ್ಕಳ ವಿವರ, ಫೋಟೋ, ಜಾತಕ ಅದರಲ್ಲಿ ಸೇರಿಸುತ್ತವೆ. ಅದನ್ನು ಬರೆದವರು ನನ್ನ ಗಂಡ. ಈಗಿನ ಹುಡುಗರು ಹೆಸರು ಕೇಳಿದರೆ ನಗುವ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ, ಸಂಘದ ಕಚೇರಿಯ ಮೂಲೆಯಲ್ಲಿರುವ ಕಪ್ಪು ಡಬ್ಬಿಯಂಥ ಒಂದು ಯಂತ್ರದ ಮೇಲೆ ನಡೆಯುತ್ತದೆ. ವರ್ಷಗಟ್ಟಲೆ ತಕರಾರಿಲ್ಲದೆ ನಡೆದದ್ದು ಈಗ ಕೆಲವು ತಿಂಗಳಿಂದ ಬೀಳತೊಡಗಿತ್ತು. ಬಿದ್ದಾಗ ತೆರೆಯ ಮೇಲೆ ಬರುವುದು ಒಂದೇ ಸಾಲು: ಇಂಟರ್ನಲ್ ಸರ್ವರ್ ಎರರ್, ಐನೂರು. ಅಂದರೆ ಒಳಗೆ ಏನೋ ಆಗಿದೆ, ಏನೆಂದು ಹೇಳುವುದಿಲ್ಲ. ಗಂಡಸರು ಮುಖ ಗಂಟಿಕ್ಕಿಕೊಂಡು "ಏನಿಲ್ಲ" ಎನ್ನುವ ಹಾಗೆ. ಈ ಉತ್ತರವನ್ನು ನಾನು ಯಂತ್ರ ಕೊಟ್ಟರೂ ನಂಬಿದವಳಲ್ಲ, ಮನುಷ್ಯರು ಕೊಟ್ಟರೂ ನಂಬಿದವಳಲ್ಲ.

ನಂಬದಿರುವುದೇ ನನ್ನ ಉದ್ಯೋಗವಾಗಿತ್ತು. ಥಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಬೇರೆಯವರು ಬರೆದದ್ದನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸೈರನ್ನಿಗೆ ಸರಿಯಾಗಿ ಒಳಗೆ, ಸೈರನ್ನಿಗೆ ಸರಿಯಾಗಿ ಹೊರಗೆ. ಈಗಲೂ ನಮ್ಮ ಮನೆಯಲ್ಲಿ ಚಹಾ, ಊಟ, ಬಟ್ಟೆ ಮಡಿಸುವುದು, ದೀಪ ಹಚ್ಚುವುದು ಎಲ್ಲಕ್ಕೂ ಹೊತ್ತಿದೆ. ಮೊದಲ ವರ್ಷದಲ್ಲೇ ಕಲಿತ ಒಂದು ಪ್ರಶ್ನೆಯೂ ಇದೆ. ನಡೆಯುತ್ತಿದ್ದದ್ದು ನಿಂತರೆ, ಏನು ಕೆಟ್ಟಿತು ಎಂದು ಕೇಳಬೇಡ, ಏನು ಬದಲಾಯಿತು ಎಂದು ಕೇಳು.

ಬದಲಾದದ್ದು ಎಲ್ಲರಿಗೂ ಗೊತ್ತಿತ್ತು. ಮೊದಲು ಜನ ಕಚೇರಿಗೆ ಬಂದು ಫಾರ್ಮ್ ಕೊಡುತ್ತಿದ್ದರು. ಆ ಮರಾಠಿ ಹೆಂಗಸು ಒಂದೊಂದಾಗಿ ಒಳಗೆ ಹಾಕುತ್ತಿದ್ದಳು. ಈ ವರ್ಷ ಕಮಿಟಿಯವರು, ಕಾಲ ಬದಲಾಗಿದೆ, ಮನೆಯಿಂದಲೇ ಮೊಬೈಲಿನಲ್ಲಿ ಕಳಿಸಲಿ ಎಂದರು. ನನ್ನ ಗಂಡ ಸಭೆಯಲ್ಲಿ ಎದ್ದುನಿಂತು, "ಇದು ಮುದುಕ ಎತ್ತು. ಇದರ ಮ್ಯಾಲೆ ಇಷ್ಟು ಹೊರಸಬ್ಯಾಡ್ರಿ, ತಾಳೂದಿಲ್ಲ" ಎಂದು ವಾದಿಸಿದ್ದರು. ಅವರು ಧಾರವಾಡದ ಕಡೆಯವರು, ಸಭೆಯಲ್ಲೂ ಎತ್ತು-ಚಕ್ಕಡಿಯ ಮಾತೇ. ಜನ ನಕ್ಕು ಕೈಯೆತ್ತಿದರು. ಅವರು ಸೋತರು. ಅದಾದ ಮೇಲೆ ಬೀಳಲು ಶುರುವಾಯಿತು.

ಅಂದರೆ ಅವರಿಗೆ ಕಾರಣವಿತ್ತು. ತಾವು ಹೇಳಿದ್ದೇ ಸರಿ ಎಂದು ತೋರಿಸುವ ಕಾರಣ. ಬಿದ್ದಾಗ ಎಲ್ಲರೂ ಓಡಿಬಂದು ಕರೆಯುವುದೂ ಅವರನ್ನೇ. ನಿವೃತ್ತಿಯ ಮೇಲೆ ಮನುಷ್ಯನಿಗೆ ಯಾರಾದರೂ ಕರೆಯುವುದು ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ನನ್ನನ್ನೂ ಯಾರೂ ಕರೆಯುತ್ತಿರಲಿಲ್ಲ.

ಈ ಲೆಕ್ಕ ನಾನೊಬ್ಬಳೇ ಹಾಕಿದ್ದಲ್ಲ ಎಂದು ಅದೇ ವಾರ ಗೊತ್ತಾಯಿತು. ಸಂಘದ ಅಧ್ಯಕ್ಷರು ಫೋನ್ ಮಾಡಿ ಥಾಣೆಯಲ್ಲಿರುವ ತಮ್ಮ ಹೋಟೆಲಿಗೆ ಕರೆದರು. ಉಡುಪಿ ಕಡೆಯವರು, ಹಣದ ಗಲ್ಲೆಯಲ್ಲಿ ಕೂತೇ ಊರಿನ ಪಂಚಾಯಿತಿ ಮುಗಿಸುವವರು. ನನ್ನನ್ನು ಒಳಗಿನ ಏಸಿ ಕೋಣೆಯ ಮೂಲೆಯಲ್ಲಿ ಕೂರಿಸಿ, ಕಾಫಿ ತರಿಸಿ, ಹುಡುಕಿ ಹುಡುಕಿ ಮಾತು ತೆಗೆದರು.

"ಅಕ್ಕ, ನೀವು ಬೇಜಾರ ಮಾಡ್ಕೊಳ್ಬಾರ್ದು. ನನ್ನ ಮಾತಲ್ಲ ಇದು. ಕಮಿಟಿಯಲ್ಲಿ ಕೆಲವರು ಮಾತಾಡ್ತಾ ಇದ್ದಾರೆ."

"ಏನಂತ?"

"ಭಾವನವರೇ ಬೀಳಿಸ್ತಾರೆ, ಭಾವನವರೇ ಎಬ್ಬಿಸ್ತಾರೆ ಅಂತ. ಅವರು ಬಂದು ಕೂತ ಕೂಡ್ಲೆ ಸರಿಯಾಗ್ತದೆ ಮಾರಾಯ್ರೆ, ಪ್ರತಿ ಸಲ. ಎಂತ ಆಯ್ತು ಅಂತ ಕೇಳಿದ್ರೆ ಹೇಳುದಿಲ್ಲ. ಈ ಆಯ್ತವಾರ ಮೀಟಿಂಗಿಗೆ ಇಡ್ತಾರಂತೆ. ಮಹಾಪೆಯಲ್ಲಿ ಕಂಪನಿ ಇರುವ ಒಬ್ರು ಹೊಸತು ಮಾಡಿ ಕೊಡ್ತೇನೆ ಅಂತಿದ್ದಾರೆ. ಹಳೇದನ್ನು ತೆಗೀಲಿ, ಅದು ಬೇರೆ. ಆದ್ರೆ ಇಷ್ಟು ವರ್ಷ ದುಡಿದ ಮನುಷ್ಯನ ಹೆಸರು ಹಾಳಾಗಿ ಹೋಗ್ಬಾರ್ದಲ್ಲ?" ಅವರು ಕಾಫಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು. "ನೀವು ಅದೇ ಕೆಲಸ ಮಾಡಿದವ್ರು. ನೀವೇ ಒಮ್ಮೆ ನೋಡಿ. ನೀವು ಹೇಳಿದ್ದನ್ನು ಎಲ್ಲರೂ ಒಪ್ತಾರೆ."

"ಅವರದೇ ತಪ್ಪು ಅಂತಾದರೆ?"

"ಹಾಗಾದ್ರೆ ನನಗೆ ಮಾತ್ರ ಹೇಳಿ. ನಾನು ಮೆಲ್ಲ ಅವರಿಂದ ಆಫೀಸಿನ ಕೀ ತಕ್ಕೊಳ್ತೇನೆ."

ಗಂಡನನ್ನು ಪರೀಕ್ಷಿಸಲು ಹೆಂಡತಿಯನ್ನು ನೇಮಿಸುವುದು ಸಂಘದ ಯಾವ ನಿಯಮದಲ್ಲೂ ಇರಲಿಕ್ಕಿಲ್ಲ. ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಆ ಕೆಲಸ ಮಹಾಪೆಯವರಿಗೆ ಹೋಗುತ್ತಿತ್ತು. ಅವರಿಗೆ ಹಳೆಯದು ಕೆಟ್ಟಿದ್ದಷ್ಟೂ ಲಾಭ. ಅಂಥವರ ತನಿಖೆಯನ್ನು ನಾನು ಕಾರ್ಖಾನೆಯಲ್ಲೂ ಒಪ್ಪಿರಲಿಲ್ಲ. ವಾಪಸು ಬರುವಾಗ ಮುಂಬ್ರಾ ದಾಟಿ ಖಾಡಿಯ ಹಿನ್ನೀರು ಕಾಣುವವರೆಗೂ ಆ ಕಾಫಿಯ ಕಹಿ ನಾಲಿಗೆಯ ಮೇಲಿತ್ತು.

ಮನೆಗೆ ಬಂದು ಕೆಲಸ ಶುರು ಮಾಡಿದೆ. ನನ್ನ ಗಂಡನ ಪಾಸ್‌ವರ್ಡ್ ನನಗೆ ಗೊತ್ತು. ಈ ವೆಬ್‌ಸೈಟು ಹುಟ್ಟಿದಾಗಿನಿಂದ ಅವರು ಅದನ್ನು ಬದಲಿಸಿಲ್ಲ. ಮರುದಿನ ಫೋನ್ ಬಂದು ಅವರು ಇಳಿದುಹೋದ ಮೇಲೆ, ಮನೆಯ ಕಂಪ್ಯೂಟರಿನಿಂದ ಆ ಕಪ್ಪು ಡಬ್ಬಿಯ ಒಳಗೆ ಹೊಕ್ಕೆ. ಇದೂ ನನ್ನ ಅನುಮಾನಕ್ಕೆ ಒಂದು ಮೊಳೆ ಹೊಡೆಯಿತು. ನಾನು ಮನೆಯಿಂದಲೇ ಒಳಗೆ ಹೋಗಬಲ್ಲೆನಾದರೆ, ಅವರೇಕೆ ಬಿಸಿಲಿನಲ್ಲಿ ಸ್ಟೇಶನ್ ಕಡೆಗೆ ನಡೆದುಕೊಂಡು ಹೋಗಬೇಕು?

ಯಂತ್ರ ತನ್ನೊಳಗೆ ಆದದ್ದನ್ನೆಲ್ಲ ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಅದರಲ್ಲಿ ನೋಡಿದರೆ ಯಂತ್ರ ಬಿದ್ದದ್ದು ಇತ್ತು, ಎದ್ದದ್ದೂ ಇತ್ತು. ನನ್ನ ಗಂಡ ಎಬ್ಬಿಸಿದ್ದು ಮಾತ್ರ ಎಲ್ಲಿಯೂ ಇರಲಿಲ್ಲ. ಅವರು ಕಚೇರಿಯ ಹೊಸ್ತಿಲು ದಾಟುವ ಮೊದಲೇ ಅದು ತಾನಾಗಿ ಎದ್ದಿರುತ್ತಿತ್ತು. ಹುಡುಕಿದೆ. ಒಳಗೆ ಒಂದು ಪುಟ್ಟ ಪ್ರೋಗ್ರಾಮು ಸಿಕ್ಕಿತು. ಅದರ ಕೆಲಸ ಒಂದೇ: ಆಗಾಗ ಎದ್ದು ನೋಡುವುದು, ವೆಬ್‌ಸೈಟು ಬಿದ್ದಿದ್ದರೆ ಎತ್ತಿ ನಿಲ್ಲಿಸುವುದು. ಬರವಣಿಗೆ ನನ್ನ ಗಂಡನದೇ. ಅವರ ಪ್ರೋಗ್ರಾಮು ಅವರ ಅಡುಗೆಯ ಹಾಗೆ, ಎಲ್ಲ ಒಂದೇ ಪಾತ್ರೆಯಲ್ಲಿ. ನೋಡಿದ ಕೂಡಲೇ ಗುರುತಾಗುತ್ತದೆ.

ಎತ್ತಿ ನಿಲ್ಲಿಸುವ ಕೈ ಅವರದೇ. ಹಾಗಾದರೆ ಕೆಡವುವ ಕೈ?

ಶುಕ್ರವಾರ ನಾನು ಅವರ ಹಿಂದೆಯೇ ಹೊರಟೆ. ತರಕಾರಿ ಚೀಲ ಹಿಡಿದಿದ್ದೆ, ಕೇಳಿದರೆ ಹೇಳಲು. ನಡು ಮಧ್ಯಾಹ್ನ, ರಸ್ತೆಯಲ್ಲಿ ರಿಕ್ಷಾಗಳ ಸಾಲು. ಅವರು ಗಡಿಬಿಡಿಯಿಂದ ಹೋಗುತ್ತಿರಲಿಲ್ಲ. ಬೆಂಕಿ ಆರಿಸಲು ಹೋಗುವವರ ನಡಿಗೆಯಲ್ಲ ಅದು. ಸಂಘದ ಕಚೇರಿ ನೆಲಮಹಡಿಯಲ್ಲಿದೆ, ಕಿಟಕಿ ಓಣಿಗೆ ತೆರೆದಿರುತ್ತದೆ. ಎದುರಿನ ಹೂವಿನ ಅಂಗಡಿಯ ಮರೆಯಲ್ಲಿ ನಿಂತು ನೋಡಿದೆ.

ಅವರು ಕಪ್ಪು ಡಬ್ಬಿಯ ಮುಂದೆ ಕೂತರು. ಕನ್ನಡಕ ಏರಿಸಿದರು. ಕೀಬೋರ್ಡಿನ ಮೇಲೆ ಟಪಟಪ ಏನೋ ಹೊಡೆದರು. ಹಿಂದಕ್ಕೆ ಒರಗಿದರು. ಕಚೇರಿಯ ಹೆಂಗಸು ಚಹಾ ತಂದಿಟ್ಟಳು, ಜೊತೆಗೆ ಕಾಗದದ ತಟ್ಟೆಯಲ್ಲಿ ಒಂದು ಬಟಾಟೆ ವಡೆ. ಸಕ್ಕರೆ ಕಾಯಿಲೆಯ ಮನುಷ್ಯ. ಆ ವಡೆಯನ್ನು ಕಾಲು ಕಾಲಾಗಿ ಮುರಿದು, ಚಟ್ನಿ ಹಚ್ಚಿ, ನಿಧಾನವಾಗಿ ತಿಂದರು. ಕೈ ಒರೆಸಿಕೊಂಡು ಮತ್ತೆ ಕೀಬೋರ್ಡಿಗೆ ಎರಡು ಸಲ ಕುಟ್ಟಿ, "ಝಾಲಂ!" ಎಂದರು. ಆಯಿತು ಎಂದು. ಹೆಂಗಸು ಕೈಮುಗಿಯುವುದೊಂದು ಬಾಕಿ.

ನಾನು ತರಕಾರಿ ಇಲ್ಲದ ಚೀಲ ಹಿಡಿದು ಮನೆಗೆ ಬಂದೆ.

"ಏನಾಗಿತ್ತು ಇವತ್ತು?" ಎಂದೆ, ಊಟ ಬಡಿಸುತ್ತ.

"ದೊಡ್ಡ ಲಫಡಾ ಆಗಿತ್ತು ಬಿಡು. ಹೇಳಿದ್ರ ನಿನಗ ತಿಳಿಯೂದಿಲ್ಲ."

"ನನಗೆ ತಿಳಿಯುವುದಿಲ್ಲವೇ?"

"ಹಂಗಲ್ಲ... ಅನ್ನ ಸ್ವಲ್ಪ ಕಡಿಮಿ ಹಾಕು. ಹಸಿವಿಲ್ಲ."

ಹಸಿವೇಕೆ ಇರುತ್ತದೆ! ಅಂದು ರಾತ್ರಿ ಮಲಗುವ ಮೊದಲು ತೀರ್ಮಾನಿಸಿದೆ. ಶನಿವಾರ ಒಂದು ದಿನ ಬಾಕಿ. ಭಾನುವಾರ ಸಭೆಯ ಮೊದಲು ಅಧ್ಯಕ್ಷರಿಗೆ ಹೇಳಿಬಿಡುವುದು: ಕೀ ತೆಗೆದುಕೊಳ್ಳಿ, ಮೆಲ್ಲಗೆ. ಆದರೆ ಒಂದು ಸಂಗತಿ ಹೊಂದಿಕೆಯಾಗುತ್ತಿರಲಿಲ್ಲ. ಲಾಗಿನಲ್ಲಿ ಕಂಡ ಬೀಳುವ ಹೊತ್ತು. ಮಂಗಳವಾರ ಚಹಾದ ಹೊತ್ತಿಗೆ, ಶುಕ್ರವಾರ ನಡು ಮಧ್ಯಾಹ್ನ, ಶನಿವಾರ ಬೆಳಿಗ್ಗೆ. ದಿನಕ್ಕೊಂದು ಹೊತ್ತು, ಆದರೆ ಒಂದು ವಾರದ ಮಂಗಳವಾರಕ್ಕೂ ಇನ್ನೊಂದು ವಾರದ ಮಂಗಳವಾರಕ್ಕೂ ವ್ಯತ್ಯಾಸವಿಲ್ಲ. ಹೀಗೆ ವೇಳಾಪಟ್ಟಿ ಹಾಕಿಕೊಂಡು ನಡೆಯುವ ಜಾಯಮಾನ ನನ್ನ ಗಂಡನದಲ್ಲ. ಅವರು ವೇಳಾಪಟ್ಟಿ ಇದ್ದ ಲೋಕಲ್ ಗಾಡಿಯನ್ನೇ ಓಡಿ ಹಿಡಿದವರು. ಅದು ನನ್ನ ಜಾಯಮಾನ.

ಶನಿವಾರ ಬೆಳಿಗ್ಗೆ ನಾನು ವಿಠ್ಠಲವಾಡಿಗೆ ಹೋಗಲೇಬೇಕಿತ್ತು. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಗೆಳತಿಯ ಮನೆ. ಮಂಗಳೂರಿನ ಕಡೆಯವಳು. ಮಗಳಿಗೆ ಸಂಬಂಧ ನೋಡಲು ಶುರು ಮಾಡಿದ್ದಳು. ಫಾರ್ಮ್ ತುಂಬಲು ಸಹಾಯ ಮಾಡು, ನಿನ್ನ ಗಂಡನದೇ ವೆಬ್‌ಸೈಟ್ ಅಲ್ವಾ ಎಂದು ಗಂಟುಬಿದ್ದಿದ್ದಳು. ಕಲ್ಯಾಣದಲ್ಲಿ ಗಾಡಿ ಬದಲಿಸಿ ಇಳಿದಾಗ ಅವರ ಮನೆಯಲ್ಲಿ ನೀರುದೋಸೆಯ ಕಾವಲಿ ಬಿಸಿಯಾಗಿತ್ತು. ಫಾರ್ಮ್ ಆಗಲೇ ತುಂಬಿ ಆಗಿತ್ತು. ಮಗಳು ಮೊಬೈಲ್ ಹಿಡಿದು, ಹೆಬ್ಬೆರಳನ್ನು ತೆರೆಯ ಮೇಲೆ ತೇಲಿಸಿಕೊಂಡು ಸೋಫಾದಲ್ಲಿ ಕೂತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಹಿಂದಿಯಲ್ಲಿ.

"ಮಮ್ಮಿ, ಅಬ್ ದಬಾಊಂ ಕ್ಯಾ?" ಈಗ ಒತ್ತಲೇ ಎಂದು.

"ನಿಲ್ಲೇ! ಸಾಡೆ ದಸ್ ಆಗ್ಲಿಲ್ಲ ಇನ್ನೂ."

"ಪಾಂಚ್ ಮಿನಿಟ್ ಸೇ ಕ್ಯಾ ಹೋತಾ ಹೈ?"

"ಐದು ನಿಮಿಷದಲ್ಲಿ ಮದುವೆ ಮುರಿದವರೂ ಇದ್ದಾರೆ. ಕೈ ತೆಗಿ ಅದ್ರಿಂದ."

"ಏನು ಕಾಯುವುದು?" ಎಂದು ನಾನು ಕೇಳಿದೆ.

ಗೆಳತಿ ಕಾವಲಿಯ ಮೇಲೆ ಹಿಟ್ಟು ಸುರಿಯುತ್ತ, ನನಗೆ ಬುದ್ಧಿಯಿಲ್ಲವೇನೋ ಎನ್ನುವಂತೆ ತಿರುಗಿ ನೋಡಿದಳು. "ಎಂತ ಕೇಳ್ತಿ? ರಾಹುಕಾಲ ಅಲ್ವಾ! ಶನಿವಾರ ಒಂಬತ್ತರಿಂದ ಹತ್ತೂವರೆ. ಮಗಳ ಮದುವೆಯ ಮೊದಲ ಕಾಗದ ರಾಹುಕಾಲದಲ್ಲಿ ಕಳಿಸ್ಲಿಕ್ಕೆ ಆಗ್ತದಾ?"

ಮೇಜಿನ ಮೇಲೆ ಇನ್ನೊಂದು ಫೋನ್ ಸ್ಪೀಕರಿನಲ್ಲಿತ್ತು. ನೆರೂಳದಲ್ಲಿರುವ ಅವಳ ತಂಗಿ. ಅವಳ ಮಗನ ಫಾರ್ಮೂ ಸಿದ್ಧವಾಗಿತ್ತು. ಅಕ್ಕತಂಗಿಯರು ಒಟ್ಟಿಗೇ ಒತ್ತುವುದೆಂದು ಮಾತಾಗಿತ್ತು. ಗೋಡೆಯ ಗಡಿಯಾರ ಹತ್ತೂವರೆಗೆ ಬಂತು. "ಹಾಂ, ಈಗ! ಬಲಗೈಯಿಂದ ಒತ್ತು," ಎಂದಳು ಗೆಳತಿ. ಹುಡುಗಿ ಒತ್ತಿದಳು. ತೆರೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ನಿಂತಿತು.

"ಶಿಟ್ ಯಾರ್. ಎರರ್."

"ಅಕ್ಕಾ, ನಂದೂ ಹೋಯ್ತು!" ಎಂದಿತು ನೆರೂಳದ ಫೋನು.

ನನ್ನ ಕೈಯ ತಟ್ಟೆಯಲ್ಲಿ ದೋಸೆ ಹಾಗೇ ಉಳಿಯಿತು. ಡೊಂಬಿವಲಿಯಲ್ಲಿ ಈ ಹೊತ್ತಿಗೆ ಒಬ್ಬ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಇದನ್ನು ಬೀಳಿಸಿದ್ದು ಅವನಲ್ಲ, ಒಟ್ಟಿಗೇ ಒತ್ತಿದ ಇಂಥ ಕೈಗಳು ಎಂದೂ ಈಗ ಗೊತ್ತಾಯಿತು.

ಮಂಗಳವಾರ ರಾಹುಕಾಲ ಮುಗಿಯುವುದು ಚಹಾದ ಹೊತ್ತಿಗೆ. ಶುಕ್ರವಾರ ನಡು ಮಧ್ಯಾಹ್ನಕ್ಕೆ. ನಮ್ಮ ಅಡುಗೆಮನೆಯಲ್ಲೂ ಊರಿನ ಕ್ಯಾಲೆಂಡರ್ ತೂಗುತ್ತದೆ, ಪ್ರತಿ ದಿನದ ಕೆಳಗೆ ಅಚ್ಚಾಗಿರುತ್ತದೆ. ನಾನು ಅದರಲ್ಲಿ ನೋಡುವುದು ಗ್ಯಾಸಿನ ಸಿಲಿಂಡರ್ ಬಂದ ದಿನ. ಸೋಮವಾರ ನಮ್ಮ ಕಾರ್ಖಾನೆಯ ಬೆಳಗಿನ ಸೈರನ್ ಹೊಡೆಯುತ್ತಿದ್ದುದೇ ರಾಹುಕಾಲದಲ್ಲಿ. ಆ ಸೈರನ್ನಿಗೆ ಬದುಕು ಕಟ್ಟಿಕೊಂಡವಳಿಗೆ ರಾಹು ಎಲ್ಲಿ ಕಾಣಬೇಕು? ನನ್ನ ಗಂಡನ ಕಡೆಯಲ್ಲಿ ಮದುವೆ-ಮುಂಜಿಗೆ ಸ್ವಾಮಿಗಳನ್ನು ಕೇಳುತ್ತಾರೆ, ಮುಗಿಯಿತು. ಸುತ್ತಲಿನ ಮರಾಠಿ ಮನೆಗಳಲ್ಲೂ ಇದರ ಗೊಡವೆ ಕಡಿಮೆ. ಆದರೆ ಕರಾವಳಿಯಿಂದ, ಬೆಂಗಳೂರು-ಮೈಸೂರಿನಿಂದ ಬಂದ ಮನೆಗಳಿಗೆ ಮಕ್ಕಳ ಮದುವೆಯ ಮಾತಿನಲ್ಲಿ ಅದು ಬಾಗಿಲ ಅಗುಳಿ. ಅಗುಳಿ ತೆಗೆಯುವವರೆಗೂ ಎಲ್ಲರೂ ಹೊರಗೆ ಕಾಯುತ್ತಾರೆ. ತೆಗೆದ ಕ್ಷಣ ಎಲ್ಲರೂ ಒಟ್ಟಿಗೇ ಒಳಗೆ.

ಸಂಜೆ ಮತ್ತೆ ಯಂತ್ರದ ಒಳಗೆ ಹೊಕ್ಕು ಉಳಿದದ್ದನ್ನು ದೀಪ ಹಚ್ಚುವ ಹೊತ್ತಿಗೆ ನೋಡಿ ಮುಗಿಸಿದೆ. ಗಂಡ ಕಚೇರಿಗೆ ಹೋಗಿದ್ದವರು ಅಲ್ಲಿಂದಲೇ ಗೆಳೆಯರ ಜೊತೆ ಹರಟೆಗೆ ಹೋಗಿದ್ದರು. ಹಳೆಯ ವೆಬ್‌ಸೈಟು ಬಂದ ಫೋಟೋ, ಜಾತಕಗಳನ್ನೆಲ್ಲ ಒಂದೇ ಸಲ ತಲೆಯ ಮೇಲೆ ಹೊತ್ತುಕೊಂಡು ನಿಲ್ಲುವ ಹಮಾಲನ ಹಾಗೆ. ಒಂದೊಂದಾಗಿ ಕೊಟ್ಟರೆ ದಿನವಿಡೀ ಹೊರುತ್ತಾನೆ. ಸ್ಟೇಶನ್ನಿನ ಹೊರೆಯನ್ನೆಲ್ಲ ಒಂದೇ ಗಳಿಗೆಯಲ್ಲಿ ಹೇರಿದರೆ ಕುಸಿಯುತ್ತಾನೆ. ಕಚೇರಿಯ ಹೆಂಗಸು ಒಂದೊಂದೇ ಹಾಕುತ್ತಿದ್ದಾಗ ಈ ದೌರ್ಬಲ್ಯ ಹೊರಗೆ ಕಂಡಿರಲಿಲ್ಲ. ಏನು ಬದಲಾಯಿತು ಎಂಬ ಪ್ರಶ್ನೆಗೆ ನಾವೆಲ್ಲ ಮೊಬೈಲು ಎಂದು ಉತ್ತರಿಸಿ ಸುಮ್ಮನಾಗಿದ್ದೆವು. ಮೊಬೈಲು ಯಾವ ಹೊತ್ತಿಗೆ ಯಾರ ಕೈಯಲ್ಲಿ ಏನು ಕಾಯುತ್ತ ಕೂತಿರುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಇಷ್ಟು ತಿಳಿದ ಮೇಲೂ ಗಂಡನಿಗೆ ಹೇಳಲಿಲ್ಲ. ಬೀಳಿಸಿದವರು ಅವರಲ್ಲ, ಸರಿ. ಆದರೆ ಕೂತು ವಡೆ ತಿಂದು "ಝಾಲಂ" ಎಂದದ್ದು? ಅದು ಹಾಗೇ ಇತ್ತು. ನಾಳೆ ಸಭೆಯಲ್ಲಿ ಯಾರಾದರೂ, ಹಾಗಾದರೆ ಪ್ರತಿ ಸಲ ಸರಿ ಮಾಡಿದ್ದು ಹೇಗೆ ಎಂದು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ನಾನು ಸುಳ್ಳು ಹೇಳುವವಳಲ್ಲ. ನಿಜ ಹೇಳಿದರೆ ಬೀಳಿಸಿದ ಕಳಂಕ ಹೋಗಿ, ನಟಿಸಿದ ಕಳಂಕ ಬರುತ್ತದೆ. ಎರಡರಲ್ಲೂ ಕೀ ಹೋಗುತ್ತದೆ.

ಭಾನುವಾರದ ಸಭೆ ಯಾವಾಗಲೂ ಸಂಜೆ ಆರಕ್ಕೆ. ಐದಕ್ಕೆ ಇಟ್ಟರೆ ಎಲ್ಲರಿಗೂ ಅನುಕೂಲ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅಧ್ಯಕ್ಷರು ನಕ್ಕು ತೇಲಿಸಿಬಿಡುತ್ತಿದ್ದರು. ಆ ಭಾನುವಾರ ಅವರು ಬಾಗಿಲಲ್ಲಿ ನಿಂತು, ಕೈಗಡಿಯಾರ ನೋಡಿಕೊಂಡು ಆರಾದ ಮೇಲೆಯೇ ಹೊಸ್ತಿಲು ದಾಟಿದ್ದನ್ನು ಕಂಡೆ. ಭಾನುವಾರದ ರಾಹುಕಾಲವೂ ಆರಕ್ಕೇ ಮುಗಿಯುತ್ತದೆ.

ಮಹಾಪೆಯವರು ಲ್ಯಾಪ್‌ಟಾಪ್ ತೆರೆದು ಮೊದಲೇ ಕೂತಿದ್ದರು. ಬೆಂಗಳೂರಿನವರು, ನಲವತ್ತರ ಆಸುಪಾಸು, ಮಾತು ನಯ. "ಅಂಕಲ್ ಬಗ್ಗೆ ನಂಗೆ ತುಂಬಾ ರೆಸ್ಪೆಕ್ಟ್ ಇದೆ. ಆದ್ರೆ ಇದು ಲೆಗಸಿ ಸಿಸ್ಟಮ್ ಅಲ್ವಾ? ಅವರೊಬ್ಬರಿಗೇ ಗೊತ್ತಿರೋ ಥರ ಇದೆ. ಯಾಕೆ ಬೀಳುತ್ತೆ ಅಂತ ಅವರು ಹೇಳ್ತಾನೂ ಇಲ್ಲ. ಅದಕ್ಕೇ ಜನ ಏನೇನೋ ಮಾತಾಡ್ತಾರೆ."

"ಏನೇನೋ ಅಂದ್ರ?" ಎಂದರು ನನ್ನ ಗಂಡ, ಮೂಲೆಯ ಕುರ್ಚಿಯಿಂದ.

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಎದ್ದುನಿಂತೆ. ಕಾರ್ಖಾನೆಯಲ್ಲಿ ವರದಿ ಒಪ್ಪಿಸುವ ಹಾಗೆ ಒಂದಾದ ಮೇಲೊಂದು ಹೇಳಿದೆ: ಮಂಗಳವಾರ, ಶುಕ್ರವಾರ, ಶನಿವಾರ. ರಾಹುಕಾಲ ಮುಗಿಯುವ ಹೊತ್ತು. ವಿಠ್ಠಲವಾಡಿ, ನೆರೂಳು. ಹಮಾಲ. ಹೇಳಿ ಮುಗಿಸಿ, "ಇಲ್ಲಿ ಯಾರಾದರೂ ರಾಹುಕಾಲದ ಒಳಗೆ ಫಾರ್ಮ್ ಕಳಿಸಿದವರಿದ್ದರೆ ಕೈಯೆತ್ತಿ" ಎಂದೆ.

ಒಂದು ಕೈ ಏಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಾಕೆ, "ಅಯ್ಯೋ, ನಾವು ಗುಳಿಕಕಾಲನೂ ನೋಡ್ತೀವಪ್ಪ" ಎಂದರು.

"ಅದನ್ನೂ ನೋಡಿದ್ರೆ ಮದುವೆ ಯಾವಾಗ ಮಾಡುದು, ಫೆಬ್ರವರಿ ಇಪ್ಪತ್ತೊಂಬತ್ತಕ್ಕಾ?" ಎಂದರು ಅಧ್ಯಕ್ಷರು. ಕೋಣೆ ನಕ್ಕಿತು. ಮಹಾಪೆಯವರೂ ನಕ್ಕರು. ನಗು ನಿಂತ ಮೇಲೆ ಅವರೇ ಕೇಳಿದರು, ನಾನು ಕಾಯುತ್ತಿದ್ದ ಪ್ರಶ್ನೆಯನ್ನು: "ಆದ್ರೆ ಮೇಡಂ, ಕಾರಣ ಗೊತ್ತಿಲ್ದೇ ಅಂಕಲ್ ಪ್ರತಿ ಸಲ ಸರಿ ಮಾಡಿದ್ದು ಹೇಗೆ?"

ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಕುರ್ಚಿ ಸರಿದ ಸದ್ದಾಯಿತು.

"ನಾ ಏನೂ ಮಾಡ್ತಿರಲಿಲ್ರಿ," ಎಂದರು ನನ್ನ ಗಂಡ. "ನಾ ಬರೂದ್ರಾಗ ತಾನ ಎದ್ದಿರ್ತಿತ್ತು. ಯಾಕ ಬೀಳ್ತದ, ಯಾಕ ಏಳ್ತದ, ನನಗ ಗೊತ್ತಾಗಲಿಲ್ಲ. ಮಂಗಳವಾರ ಚಹಾದ ಹೊತ್ತಿಗೆ ಬೀಳ್ತದ ಅನ್ನೂದಷ್ಟು ಗೊತ್ತಾಗಿತ್ತು. ಗೊತ್ತಿಲ್ಲ ಅಂದ್ರ ನೀವು ಕಸಗೊಂಡು ಹೋಗ್ತೀರಿ. ಅದಕ್ಕ ಬಂದು ಕೂತು, ವಡಾ ತಿಂದು ಹೋಗ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಒಂದ ವಡಾ," ಎಂದರು.

ನನ್ನ ಗಂಡ ಬಂದಾಗ ಮೇಜಿನ ಮೇಲಿಟ್ಟಿದ್ದ ಕಚೇರಿಯ ಕೀಗೊಂಚಲಿನ ಮೇಲೆ ಅಧ್ಯಕ್ಷರು ಕೈ ಇಟ್ಟಿದ್ದರು. ಅದನ್ನು ನಾನು ನೋಡಿದೆ, ನನ್ನ ಗಂಡನೂ ನೋಡಿದರು.

"ಅದು ತಾನಾಗಿ ಏಳುತ್ತಿರಲಿಲ್ಲ," ಎಂದೆ ನಾನು. "ಬಿದ್ದರೆ ಎಬ್ಬಿಸುವ ಪ್ರೋಗ್ರಾಮು ಒಳಗಿದೆ. ಅದನ್ನು ಬರೆದವರು ಇವರೇ, ಬಹಳ ಹಿಂದೆ. ಬರೆದು ಮರೆತಿದ್ದಾರೆ."

"ನಾನ?" ಎಂದರು ಅವರು.

"ನೀವೇ. ಎಲ್ಲ ಒಂದೇ ಪಾತ್ರೆಯಲ್ಲಿದೆ."

ಅಧ್ಯಕ್ಷರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಕೀಗೊಂಚಲನ್ನು ಮೇಜಿನ ಆ ತುದಿಗೆ ನೂಕಿದರು. "ತಕ್ಕೊಳ್ಳಿ ಭಾವ. ಆದ್ರೆ ಇದು ಇನ್ನು ಬೀಳ್ಬಾರ್ದು." ಹೊಸತರ ಮಾತು ಈ ವರ್ಷದ ವಧೂ-ವರರ ಸಮಾವೇಶ ಮುಗಿದ ಮೇಲೆ ಎಂದಾಯಿತು. ರಾಹುಕಾಲ ಮುಗಿದ ಕೂಡಲೇ ಒತ್ತಬೇಡಿ ಎಂದು ಸೂಚನೆ ಹಾಕೋಣ ಎಂದರು ಯಾರೋ. ಹಾಕಿದರೂ ಯಾರೂ ಕೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ದಾರಿ ಹೇಳಿದವರು ನನ್ನ ಗಂಡನೇ: ಯಾವಾಗ ಬೇಕಾದರೂ ಒತ್ತಲಿ, ವೆಬ್‌ಸೈಟು ಫಾರ್ಮನ್ನು ಬಾಗಿಲಲ್ಲೇ ಹಿಡಿದುಕೊಂಡು, ರಾಹುಕಾಲ ಕಳೆದ ಮೇಲೆ ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳಲಿ. ಬರೆದವರು ಅವರು, ಪರೀಕ್ಷಿಸಿದವಳು ನಾನು. ಆಮೇಲಿನ ಶನಿವಾರ ಅಂಗಿ ಹಾಕಿಕೊಳ್ಳುವ ಕಾರಣ ಬರಲಿಲ್ಲ.

ಆ ಭಾನುವಾರ ಸಭೆ ಮುಗಿಸಿ ನಡೆದು ಮನೆಗೆ ಹೊರಟಿದ್ದೆವು. ವಡೆ ಅಂಗಡಿಯ ಮುಂದೆ ಬಂದಾಗ ಅವರು ಮುಖ ಬೇರೆ ಕಡೆ ತಿರುಗಿಸಿ ದಾಟಿದರು. ನಮ್ಮ ಗಲ್ಲಿಗೆ ತಿರುಗುವಾಗ ಹೇಳಿದರು:

"ನಾ ಆಫೀಸಿನ್ಯಾಗ ಕೂತಾಗ, ಮನಿ ಕಂಪ್ಯೂಟರಿನಿಂದ ನಾನ ಒಳಗ ಬಂದೀನಿ ಅಂತ ಲಾಗಿನ್ಯಾಗ ಇತ್ತು. ನಾ ಎರಡ ಕಡೆ ಹ್ಯಾಂಗ ಇರ್ಲಿ?"

ನಾನು ಸೆರಗು ಸರಿಮಾಡಿಕೊಂಡು ನಡೆದೆ.

"ಮೊದಲ ಆ ಮಹಾಪೆಯವನ ಮ್ಯಾಲೆ ಸಂಶಯ ಬಂತು. ಪಾಸ್‌ವರ್ಡ್ ಕದ್ದಾನ ಅಂತ. ಆಮ್ಯಾಲೆ ನೋಡ್ತೀನಿ, ದೀಪ ಹಚ್ಚೂ ಹೊತ್ತಿಗೆ ಬರೋಬರಿ ಹೊರಗ ಬೀಳ್ತಾನ. ಹಂಥಾ ಕಳ್ಳ ಯಾವನದಾನ ಈ ಊರಾಗ?"

"ಗೊತ್ತಾದ ಮೇಲೆ ಯಾಕೆ ಸುಮ್ಮನಿದ್ದಿರಿ?"

"ನನಗ ಸಿಗಲಿಲ್ಲ. ನಿನಗರೆ ಸಿಗ್ತದ ಅಂತ ಬಿಟ್ಟೆ."

ಅದು ನಿಜವೋ, ಅಲ್ಲಿಂದ ಇಲ್ಲಿಗೆ ನಡೆಯುವಷ್ಟರಲ್ಲಿ ಕಟ್ಟಿದ್ದೋ, ನನಗೆ ಇವತ್ತಿಗೂ ಖಚಿತವಿಲ್ಲ. ಅಧ್ಯಕ್ಷರು ನನ್ನನ್ನು ಕರೆಸಿದ್ದು ಅವರಿಗೆ ಗೊತ್ತೇ ಎಂದು ನಾನು ಕೇಳಲಿಲ್ಲ. ನಾನು ಹೂವಿನ ಅಂಗಡಿಯ ಮರೆಯಲ್ಲಿ ನಿಂತದ್ದು ಕಂಡಿತ್ತೇ ಎಂದೂ ಕೇಳಲಿಲ್ಲ. ಹಾಗೆ ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಗೊತ್ತು. "ಏನಿಲ್ಲ."

ಆದರೆ ಅಭ್ಯಾಸ ಒಂದು ಸಲಕ್ಕೆ ಬಿಡುವುದಿಲ್ಲ. ಕೆಲವು ದಿನ ಕಳೆದು, ಅವರು ಸ್ನಾನಕ್ಕೆ ಹೋದಾಗ, ಹೊಸ ಬದಲಾವಣೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಕಂಪ್ಯೂಟರಿನ ಮುಂದೆ ಕೂತೆ. ಅಷ್ಟೇ, ಬೇರೇನೂ ಇಲ್ಲ. ಪಾಸ್‌ವರ್ಡ್ ಹಾಕಿದೆ. ತಪ್ಪು ಎಂದಿತು. ಬೆರಳು ಜಾರಿರಬೇಕೆಂದು ಮತ್ತೆ ಹಾಕಿದೆ. ತಪ್ಪು. ಕಂಪ್ಯೂಟರ್ ಮುಚ್ಚಿ, ಚಹಾಕ್ಕೆ ನೀರಿಟ್ಟೆ. ಹೊತ್ತಿಗೆ ಸರಿಯಾಗಿ ಬಟ್ಟಲು ತಂದು ಅವರ ಮುಂದಿಟ್ಟೆ. ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದವರು ತಲೆ ಎತ್ತದೆಯೇ ಕೇಳಿದರು:

"ಯಾಕ, ಒಳಗ ಹೋಗಾಕ ಆಗಲಿಲ್ಲೇನು?"